ಸಂಕಮ್ಮನ ಸಾಲು ಮುಗಿಯುವ ತನಕ

ಗೆಳೆಯಾ,

ಮೈಸೂರಿನ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಲಗಿದವನು ಮಧ್ಯಾಹ್ನ ಎದ್ದೆ. ಎಡಗೈ ಹೆಬ್ಬೆರಳು ಊದಿದೆ. ಕಿವಿಯಲ್ಲಿ ಕಂಚಿನ ಸದ್ದು ಇನ್ನೂ ನಿಂತಿಲ್ಲ. ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು. ಯಾಕೆ ನಿನಗೇ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಆಫೀಸಿನ ಕೆಲಸಕ್ಕೆ ಅಂತ ತಾಳಗುಪ್ಪ ರೈಲು ಹತ್ತಿ ಬಂದಿದ್ದೆ. ಶನಿವಾರ ಸಂಜೆ ಬಿಡುವಿತ್ತು. ಹತ್ತಿರದ ಒಂದು ಸಭಾಂಗಣದಲ್ಲಿ ಜಾನಪದ ಕಾರ್ಯಕ್ರಮ ಇದೆ ಅಂತ ಲಾಡ್ಜಿನ ಹುಡುಗ ಹೇಳಿದ. ಹೋದೆ. ದೀಪ, ಸ್ವಾಗತ, ಭಾಷಣ, ಮತ್ತೆ ಭಾಷಣ. ವೀರಗಾಸೆಗೆ ಐದು ನಿಮಿಷ. ಗೊರವರ ಕುಣಿತಕ್ಕೂ ಅಷ್ಟೇ. ಕರಡಿ ಕೂದಲಿನ ಆ ದೊಡ್ಡ ಟೋಪಿ, ಕಪ್ಪು ಕಂಬಳಿ, ಕೈಯಲ್ಲಿ ಡಮರುಗ. ಕಣ್ಣು ತುಂಬ ನೋಡುವ ಮೊದಲೇ ಇಳಿದು ಹೋದರು.

ಆಮೇಲೆ ಬೀಸು ಕಂಸಾಳೆ, ಕಂಚಿನ ತಾಳ ಬೀಸುತ್ತಾ ಹಾಡಿ ಕುಣಿಯುವುದು. ಎಂಟು ಜನ. ಹಣೆಗೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕಾಲಿಗೆ ಗೆಜ್ಜೆ. ಮುಂದೆ ನಿಂತ ಹಿರಿಯರಿಗೆ ಎಪ್ಪತ್ತು ದಾಟಿರಬೇಕು. ಅವರು ಸಂಕಮ್ಮನ ಕಥೆ ಎತ್ತಿಕೊಂಡರು. ಗಂಡ ನೀಲೇಗೌಡ ಕಾಡಿಗೆ ಜೇನು ಕೀಳಲು ಹೊರಟಿದ್ದಾನೆ. ಹೋಗುವ ಮುಂಚೆ ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ನಾನು ಬರುವ ತನಕ ಬೇರೆ ಗಂಡಸನ್ನು ಕಣ್ಣೆತ್ತಿ ನೋಡುವುದಿಲ್ಲ ಅಂತ ಕೈ ಮೇಲೆ ಕೈ ಇಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಮಂತ್ರದ ಕಟ್ಟು ಹಾಕಿ ಅವಳನ್ನು ಗುಡಿಸಲಲ್ಲಿ ಕೂಡಿಹಾಕುತ್ತಾನೆ.

ಅಷ್ಟರಲ್ಲಿ ನಿರೂಪಕಿ ಮೈಕಿಗೆ ಬಂದು, ಸಮಯ ಕಡಿಮೆ ಇದೆ, ಅತಿಥಿಗಳು ಹೊರಡಬೇಕು, ಕಲಾವಿದರಿಗೆ ಜೋರು ಚಪ್ಪಾಳೆ ಅಂದುಬಿಟ್ಟರು. ಹಾಡು ಗಂಟಲಲ್ಲೇ ನಿಂತಿತು. ಆ ಹಿರಿಯರು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಕಂಸಾಳೆಯನ್ನು ಹಣೆಗೆ ಒತ್ತಿಕೊಂಡು ಇಳಿದರು.

ನನಗೆ ಕೂರಲು ಆಗಲಿಲ್ಲ. ಹಿಂದೆ ಹೋದೆ. ಅವರು ಕಂಸಾಳೆಗೆ ಬಟ್ಟೆ ಸುತ್ತುತ್ತಿದ್ದರು. ತುಂಬಾ ಚೆನ್ನಾಗಿತ್ತು, ಪೂರ್ತಿ ಕೇಳಬೇಕಿತ್ತು ಅಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಸ್ಟೇಜು ಬ್ಯಾಡ ಅನ್ನಕಿಲ್ಲ ಸಾ. ನಾಕು ಕಾಸು ಬರದು ಅಲ್ಲೇಯ. ಆದ್ರೆ ಸಂಕಮ್ಮನ್ನ ಗುಡ್ಲೊಳಗೆ ಕೂಡಾಕ್ಬುಟ್ಟು ನಾವು ಎದ್ದು ಬಂದ್ಬುಟ್ವಲ್ಲ. ಅವ್ಳನ್ನ ಬುಡಿಸೋರ್ಯಾರು?"

ಆಮೇಲೆ ಅವರೇ, "ಸೋಮವಾರ ನಮ್ಮೂರಲ್ಲಿ ಹರಕೆ ಅದೆ. ರಾತ್ರಿಯೆಲ್ಲ ಹಾಡ್ತೀವಿ. ಬತ್ತೀರಾ?" ಅಂದರು. ನಾನು ಒಂದು ದಿನ ಜಾಸ್ತಿ ರಜ ಹಾಕಿದೆ.

ಮೈಸೂರಿಂದ ಬನ್ನೂರು ಮೇಲೆ ಮಳವಳ್ಳಿ ಕಡೆಗೆ ಬಸ್ಸು. ಕಾರ್ತಿಕ ಮಾಸ. ನಾಲೆ ನೀರು, ಬಲಿತ ಭತ್ತ, ಎರಡೂ ಕಡೆ ಕಬ್ಬು. ಒಂದು ಕಡೆ ಆಲೆಮನೆ ನಡೆಯುತ್ತಿತ್ತು. ಕಿಟಕಿಯಿಂದ ಬೆಲ್ಲ ಕಾಯುವ ವಾಸನೆ ಬಂದು ಬಸ್ಸಿನೊಳಗೆ ತುಂಬಿಕೊಂಡಿತು. ಮಳವಳ್ಳಿಯಿಂದ ಆಟೋ. ಊರಿನ ಹೆಸರು ಬರೆಯುವುದಿಲ್ಲ, ಅವರ ಪಾಡಿಗೆ ಅವರಿರಲಿ.

ನಾನು ಹೋದಾಗ ಸಂಜೆ ನಾಲ್ಕು. ಮಾರಿಗುಡಿ ಮುಂದೆ ಮೂರು ಹೆಂಗಸರು, ಇಬ್ಬರು ಹುಡುಗರು ಸೇರಿ ಪೂಜೆ ಕಟ್ಟುತ್ತಿದ್ದರು. ಇದು ಪೂಜಾ ಕುಣಿತದ ಪೂಜೆ. ನಮ್ಮ ಕಡೆ ಇಲ್ಲ, ನೀನು ನೋಡಿರಲಿಕ್ಕಿಲ್ಲ. ಬಿದಿರಿನ ದೊಡ್ಡ ಚೌಕಟ್ಟು. ಅದಕ್ಕೆ ಬಣ್ಣಬಣ್ಣದ ಸೀರೆಗಳನ್ನು ನೆರಿಗೆ ಹಿಡಿದು ಬೀಸಣಿಗೆ ಹಾಗೆ ಬಿಡಿಸಿ ಕಟ್ಟುತ್ತಾರೆ. ನಡುವೆ ದೇವಿಯ ಮುಖ. ಒಬ್ಬ ಅಜ್ಜಿ ಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದೊಂದೇ ನೆರಿಗೆ ಕೂರಿಸುತ್ತಿದ್ದರು. ಒಂದು ನೆರಿಗೆ ಓರೆಯಾಯಿತು ಅಂತ ಇಡೀ ಸೀರೆ ಬಿಚ್ಚಿ ಮತ್ತೆ ಶುರು ಮಾಡಿದರು. ಯಾರೂ ಅವಸರ ಮಾಡಲಿಲ್ಲ.

ಕತ್ತಲಾಗುವ ಹೊತ್ತಿಗೆ ತಮಟೆ ಎದ್ದಿತು. ಬೆಂಕಿಗೆ ಹಿಡಿದು ಕಾಯಿಸಿದ ತಮಟೆ, ಅದರ ದನಿ ಎದೆಗೇ ಬಂದು ಹೊಡೆಯುತ್ತದೆ. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಪೂಜೆಯನ್ನು ತಲೆ ಮೇಲೆ ಹೊತ್ತುಕೊಂಡ. ಮೊದಲು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ತೂಗಿದ. ಆಮೇಲೆ ಕೈ ಬಿಟ್ಟ. ಈ ಕುಣಿತಕ್ಕೆ ಹಾಡಿಲ್ಲ, ಮಾತಿಲ್ಲ. ಬರೀ ತಮಟೆ, ಅವನ ಕಾಲು, ಮತ್ತೆ ಅವನ ಕತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಕೆಳಗೆ ಕಾಲು ಎಷ್ಟೇ ಜೋರಾಗಿ ಓಡಲಿ, ಕತ್ತಿನ ಎರಡು ನರ ಹಗ್ಗದ ಹಾಗೆ ಬಿಗಿದು ನಿಂತೇ ಇದ್ದವು. ತಮಟೆಯವನು ಅವನ ಮುಖ ನೋಡುತ್ತಾ, ಅವನು ತಮಟೆಯವನ ಮುಖ ನೋಡುತ್ತಾ ಇದ್ದರು. ಯಾರು ಯಾರನ್ನು ಕುಣಿಸುತ್ತಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಬೀದಿಯಲ್ಲಿ ಪ್ರತಿ ಮನೆ ಮುಂದೆ ನಿಲ್ಲಿಸಿ ಕಾಲಿಗೆ ನೀರು ಹಾಕಿ ಆರತಿ ಎತ್ತಿದರು.

ಊಟಕ್ಕೆ ಮುದ್ದೆ, ಅವರೆಕಾಳು ಸಾರು, ಅನ್ನ, ಪಾಯಸ. "ಉಂಡ್ಕಂಡು ಕೂತ್ಕಳಿ, ಆಮೇಕೆ ಏಳಕಾಗಕಿಲ್ಲ" ಅಂದರು. ಆ ಮಾತು ನಿಜ.

ಊಟ ಆದ ಮೇಲೆ ಹಿರಿಯರು ನನ್ನನ್ನು ಜಗಲಿಗೆ ಕರೆದು ಕಂಸಾಳೆ ಕೈಗೆ ಕೊಟ್ಟರು. ನೆನಪಿದೆಯಾ, ಡಿಗ್ರಿ ಮುಗಿದ ವರ್ಷ ನಾವಿಬ್ಬರೂ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ದೆವು? ಅಲ್ಲಿ ಇದನ್ನೇ ನೋಡಿದ್ದೆವು, ಮುಟ್ಟುವ ಹಾಗಿರಲಿಲ್ಲ. ಆ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಇದೇ ಮಂಡ್ಯ ಜಿಲ್ಲೆ ನಾಗಮಂಗಲ ಕಡೆಯವರು. ದೊಡ್ಡ ಅಧಿಕಾರಿಯಾಗಿದ್ದವರು ಹಳ್ಳಿಹಳ್ಳಿ ಹಾಡು ಹುಡುಕಿ, 1979ರಲ್ಲಿ ಜಾನಪದ ಪರಿಷತ್ತು ಮಾಡಿದರು. 1994ರಲ್ಲಿ ಜಾನಪದ ಲೋಕ ಶುರುವಾಯಿತು. ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಆದರೆ ಅವತ್ತು ಅಲ್ಲಿ ನೋಡಿದಾಗ ಕಂಸಾಳೆಯ ತೂಕ ಇಷ್ಟು ಅಂತ ನಮಗೆ ಗೊತ್ತಾಗಲೇ ಇಲ್ಲ.

ಜೋಡಿ ಕಂಚು ಅದು. ಎಡಗೈಯದು ಬಟ್ಟಲು. ಸುತ್ತ ಅಗಲವಾದ ಅಂಚು, ನಡುವೆ ಗುಂಡಿ. ಬಲಗೈಯದು ಚಪ್ಪಟೆ ತಾಳ, ಅದರ ನಡುವಿನ ತೂತಿನಿಂದ ದಾರ, ದಾರದ ತುದಿಗೆ ಗೊಂಡೆ. ಬಟ್ಟಲನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಒಂದು ದನಿ, ಬೆರಳ ತುದಿಯಲ್ಲಿ ಹಿಡಿದರೆ ಇನ್ನೊಂದು ದನಿ. ಹಿರಿಯರ ಬಟ್ಟಲಿನ ಅಂಚು ಒಂದು ಕಡೆ ಸವೆದು ಕತ್ತಿಯ ಹಾಗೆ ತೆಳ್ಳಗಾಗಿತ್ತು. ಅವರ ಅಪ್ಪ ಬಡಿದ ಜಾಗವೂ ಅದೇ, ಇವರು ಬಡಿಯುವ ಜಾಗವೂ ಅದೇ. ನಾನು ಬೀಸಿದೆ. ತಾಳ ಬಟ್ಟಲಿಗೆ ಬೀಳದೆ ಹೆಬ್ಬೆರಳಿಗೆ ಬಿತ್ತು. ಊದಿದ್ದು ಹಾಗೆ.

"ಕಣ್ಣ ಕಂಚಿನ ಮ್ಯಾಲೆ ಇಕ್ಕಬ್ಯಾಡಿ ಸಾ. ಪದದ ಮ್ಯಾಲೆ ಇಕ್ಕಿ. ಕೈ ತಾನೇ ಬತ್ತದೆ." ಹೀಗೆ ಹೇಳಿ ಮತ್ತೆ ಮೂರು ಸಲ ಬೀಸಿಸಿದರು. ಮೂರನೇ ಸಲ ಸರಿಯಾಗಿ ಬಿತ್ತು.

ಇವರನ್ನು ದೇವರಗುಡ್ಡರು ಅನ್ನುತ್ತಾರೆ. ಮಲೆ ಮಹದೇಶ್ವರನ ಗುಡ್ಡರು, ಅಂದರೆ ಮಾದಪ್ಪನ ಶಿಷ್ಯರು. ಮಕ್ಕಳಾಗದವರು, ಮಗು ಕಾಯಿಲೆ ಬಿದ್ದವರು, ಉಳಿಸಿಕೊಡು ಮಾದಪ್ಪ, ನಿನ್ನ ಗುಡ್ಡನಾಗಿ ಬಿಡುತ್ತೇವೆ ಅಂತ ಹರಕೆ ಹೊರುತ್ತಾರೆ. ಈ ಹಿರಿಯರು ಹಾಗೆ ಬಂದವರು. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದರಂತೆ. ಅವ್ವ ಹರಕೆ ಹೊತ್ತಳು, ಜ್ವರ ಇಳಿಯಿತು. ಅವತ್ತು ಉಳಿದ ಜೀವ ಇದು, ಈ ಹಾಡು ಹಾಡದೆ ಹೇಗಿರಲಿ ಅಂತ ಕೇಳಿದರು. ನಾನು ಏನು ಹೇಳಲಿ?

ರಾತ್ರಿ ಹತ್ತಕ್ಕೆ ಬೀಸು ಕಂಸಾಳೆ. ಅರ್ಧ ಚಂದ್ರದ ಹಾಗೆ ನಿಂತರು. ಬೀಸಿದ ತಾಳ ಬೆನ್ನ ಹಿಂದೆ ಹೋಗಿ, ತೊಡೆ ಕೆಳಗೆ ನುಗ್ಗಿ, ತಲೆ ಮೇಲೆ ಸುತ್ತಿ, ಪಕ್ಕದವನ ಬಟ್ಟಲಿಗೆ ಬಡಿದು ವಾಪಸು ಬಂದು ತನ್ನ ಬಟ್ಟಲಿಗೆ ಬೀಳುತ್ತದೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಕಂಚು ಕಾಣುವುದಿಲ್ಲ, ಗೊಂಡೆಯ ಕೆಂಪು ಗೆರೆ ಮಾತ್ರ ಕಾಣುತ್ತದೆ. ಹಿರಿಯರ ಮೊಮ್ಮಗ, ಏಳನೇ ಕ್ಲಾಸು, ಕೊನೆಯಲ್ಲಿ ನಿಂತಿದ್ದ. ಅವನು ತುಟಿ ಅಲ್ಲಾಡಿಸುತ್ತಾ ಬೀಸುತ್ತಿದ್ದ. ಪದದ ಮೇಲೆ ಕಣ್ಣಿಡುವುದು ಅಂದರೆ ಅದು ಅಂತ ಆಗ ಅರ್ಥವಾಯಿತು.

ಹನ್ನೊಂದೂವರೆಗೆ ಎಲ್ಲರೂ ಕೂತರು. ಇನ್ನು ಕುಣಿತವಿಲ್ಲ, ಬರೀ ಹಾಡು. ಮಾದಪ್ಪನ ಕಥೆಯನ್ನು ಸಾಲು ಸಾಲಾಗಿ ಹಾಡುತ್ತಾರೆ, ಸಾಲು ಅಂದರೆ ಕಥೆಯ ಒಂದು ಭಾಗ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಹೀಗೆ. ಒಂದೊಂದಕ್ಕೂ ಒಂದು ರಾತ್ರಿ ಬೇಕು. ಹಿರಿಯರು ನನ್ನ ಕಡೆ ನೋಡಿದರು. "ಇವತ್ತು ಸಂಕಮ್ಮನ ಸಾಲು" ಅಂದರು. "ಉಘೇ ಉಘೇ ಮಾದಪ್ಪಾ" ಅಂತ ಜನ ಕೂಗಿದರು.

ಹಿರಿಯರು ಒಂದು ನುಡಿ ಹಾಡಿದರೆ ಹಿಂದಿನವರು ಸೊಲ್ಲು ಕೊಡುತ್ತಾರೆ. ನಡುವೆ ಹಾಡು ನಿಲ್ಲಿಸಿ ಮಾತಲ್ಲಿ ಹೇಳುತ್ತಾರೆ, ಮತ್ತೆ ಹಾಡಿಗೆ ಹತ್ತುತ್ತಾರೆ. ನೀಲೇಗೌಡ ಭಾಷೆ ಕೇಳುವ ಜಾಗ ಬಂತು. ಶನಿವಾರ ಅದು ಎರಡು ನಿಮಿಷ. ಇಲ್ಲಿ ಒಂದು ಗಂಟೆ. ಅವನು ಬೇಡುತ್ತಾನೆ, ಬೈಯುತ್ತಾನೆ, ಹೆದರಿಸುತ್ತಾನೆ. ಅವಳು ಒಂದೇ ಮಾತು, ಕೊಡಲ್ಲ. ನಾನು ಕಳ್ಳಿಯಾ, ಭಾಷೆ ಯಾಕೆ ಕೊಡಲಿ? ನನ್ನ ಪಕ್ಕ ಆ ಪಿನ್ನು ಕಚ್ಚಿಕೊಂಡಿದ್ದ ಅಜ್ಜಿ ಕೂತಿದ್ದರು. ಎಷ್ಟು ಸಲ ಕೇಳಿದ್ದಾರೋ ಈ ಕಥೆಯನ್ನು. ಆದರೂ ಮುಂದಕ್ಕೆ ಬಾಗಿ, ಗಟ್ಟಿಯಾಗೇ, "ಕೊಡಬ್ಯಾಡ ಕಣವ್ವಾ, ಕೊಡಬ್ಯಾಡ" ಅಂದರು. ಸುತ್ತಲಿನ ಹೆಂಗಸರು ಯಾರೂ ನಗಲಿಲ್ಲ. ಹಿಂದಿನಿಂದ ಇನ್ನೊಬ್ಬರು "ಹೂಂ ಮತ್ತೆ" ಅಂದರು. ಹಾಡುವವರು ಅಜ್ಜಿಯ ಮಾತನ್ನೂ ಕೇಳಿಸಿಕೊಂಡು, ಆ ನುಡಿಯನ್ನೇ ಇನ್ನೊಂದು ಸಲ ಹಾಡಿದರು, ಈ ಸಲ ಅಜ್ಜಿಯನ್ನು ನೋಡಿಕೊಂಡು.

ಗುಡಿಸಲಲ್ಲಿ ಸಂಕಮ್ಮ ಒಬ್ಬಳೇ ಉಳಿದಾಗ ಎರಡು ಗಂಟೆ ರಾತ್ರಿ. ಹಾಡಿನ ಜೊತೆ ಬಡಿಯುತ್ತಿದ್ದ ಚರ್ಮವಾದ್ಯ ದಮ್ಮಡಿ ನಿಂತಿತು. ಹಿರಿಯರ ಗಂಟಲು ಒಡೆದಿತ್ತು, ಆ ಒಡೆದ ಗಂಟಲಲ್ಲೇ ಅವಳು ಮಾದಪ್ಪನನ್ನು ಕೂಗಿದಳು. ಗೆಳೆಯಾ, ನನಗೆ ಮೈಯೆಲ್ಲ ಜುಮ್ಮಂದಿತು. ಮಕ್ಕಳು ಅವ್ವಂದಿರ ತೊಡೆ ಮೇಲೆ ನಿದ್ದೆ ಹೋಗಿದ್ದವು. ಎಲ್ಲೋ ನಾಯಿ ಬೊಗಳುತ್ತಿತ್ತು. ಆಮೇಲೆ ದೂರದಿಂದ ಜಂಗಮನ ಗಂಟೆ ಸದ್ದು ಬರುತ್ತದೆ, ಕಥೆಯಲ್ಲಿ. ಅದನ್ನು ಅವರು ತಾಳವನ್ನು ಬಟ್ಟಲ ಅಂಚಿಗೆ ಮೆಲ್ಲಗೆ, ಬರೀ ತಾಗಿಸಿ ನುಡಿಸಿದರು. ಅಷ್ಟು ಸಣ್ಣ ಸದ್ದು. ಅಜ್ಜಿ ಕೈ ಮುಗಿದರು.

ಮಾದಪ್ಪ ಬಂದು ಕಟ್ಟು ಬಿಡಿಸಿದ. ಎರಡು ಮಕ್ಕಳ ವರ ಕೊಟ್ಟ. ಕಾರಯ್ಯ, ಬಿಲ್ಲಯ್ಯ ಹುಟ್ಟುವ ಹೊತ್ತಿಗೆ ಕೋಳಿ ಕೂಗಿತು. ಮಂಗಳಾರತಿ ಆಯಿತು. ಹಿರಿಯರು ನನ್ನನ್ನು ಹುಡುಕಿಕೊಂಡು ಬಂದು, "ಬುಡಿಸ್ಕಂಡು ಬಂದ್ವಿ ಸಾ" ಅಂದರು. ದನಿಯೇ ಬರುತ್ತಿರಲಿಲ್ಲ ಅವರಿಗೆ.

ಈಗ ನಿನ್ನ ವಿಷಯ. ನೀನು ಕಾಲೇಜಿನಲ್ಲಿ ಡೊಳ್ಳು ಕಟ್ಟಿಕೊಂಡು ನಿಂತರೆ ಇಡೀ ಸಾಗರ ಪೇಟೆ ತಿರುಗಿ ನೋಡುತ್ತಿತ್ತು. ಕೊನೆಯ ಸಲ ಆ ಸ್ಪರ್ಧೆಯಲ್ಲಿ ನಿಮ್ಮ ತಂಡವನ್ನು ಏಳು ನಿಮಿಷಕ್ಕೆ ಸೀಟಿ ಊದಿ ಇಳಿಸಿದರು. ಅವತ್ತು ಡೊಳ್ಳನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಸುಮ್ನೆ ಬೇಜಾರಾಗಿರಬೇಕು ಅಂದುಕೊಂಡಿದ್ದೆ ನಾನು. ಬೀರೇಶ್ವರನ ಮುಂದೆ ರಾತ್ರಿಯಿಡೀ ಬಾರಿಸುವ ಡೊಳ್ಳು ಅದು, ಅದನ್ನು ನಿಮ್ಮಜ್ಜ ನಿನಗೆ ಕಲಿಸಿದ್ದು. ನಿನಗೆ ಏನಾಗಿತ್ತು ಅಂತ ಹತ್ತು ವರ್ಷ ಆದ ಮೇಲೆ, ಶನಿವಾರ ಆ ಹಿರಿಯರ ಮುಖ ನೋಡಿದಾಗ ನನಗೆ ತಿಳಿಯಿತು. ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದು.

ಮಧ್ಯಾಹ್ನ ಎದ್ದವನೇ ನಿಮ್ಮಮ್ಮನಿಗೆ ಫೋನ್ ಮಾಡಿದೆ. ಡೊಳ್ಳು ಅಟ್ಟದಲ್ಲೇ ಇದೆ, ಹಳೆ ಕಂಬಳಿ ಸುತ್ತಿ ಇಟ್ಟಿದ್ದಾರೆ. ಒಂದು ಕಡೆ ಚರ್ಮ ಹರಿದಿದೆಯಂತೆ. ಹೊದಿಸುವವರನ್ನು ನಾನು ಹುಡುಕುತ್ತೇನೆ.

ಇನ್ನೊಂದು. ಶಿವರಾತ್ರಿಗೆ ಆ ಹಿರಿಯರು, ಮೊಮ್ಮಗ, ಊರವರು ಎಲ್ಲ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ತಾಳಬೆಟ್ಟದಿಂದ ಮೇಲಕ್ಕೆ ಹಾಡಿಕೊಂಡೇ ಹತ್ತುತ್ತಾರಂತೆ. ನಾನು ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ. ಜೊತೆಗೆ ಒಬ್ಬ ಗೆಳೆಯನೂ ಬರುತ್ತಾನೆ, ಅವನು ಡೊಳ್ಳಿನವನು ಅಂತಲೂ ಹೇಳಿದ್ದೇನೆ. ಪುಣೆಯಿಂದ ರಜ ಈಗಲೇ ಕೇಳಿಕೊಂಡಿಡು ಮಾರಾಯ. ನಾಲ್ಕು ದಿನ ಸಾಕು.

ನಿನ್ನ ಉತ್ತರಕ್ಕೆ ಕಾಯುತ್ತಾ,
ನಿನ್ನ ಗೆಳೆಯ