ವ್ಯಾಟ್ ನೋಡಿ ಅಲ್ಲ, ಕೋಣೆ ನೋಡಿ ಹೈಫೈ ಕೊಳ್ಳಿ

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ಬಂತೆಂದರೆ ಪತ್ರಿಕೆಗಳಲ್ಲಿ ಸ್ಪೀಕರ್ ಜಾಹೀರಾತುಗಳ ಸುಗ್ಗಿ. 'ಐದು ಸಾವಿರ ವ್ಯಾಟ್ ಪಿಎಂಪಿಒ' ಎಂಬ ಅಂಕಿ ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಪಿಎಂಪಿಒ ಅಂದರೆ ಕ್ಷಣಮಾತ್ರ ಸಿಗುತ್ತದೆಂದು ಹೇಳುವ ಗರಿಷ್ಠ ಶಕ್ತಿ; ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ತಯಾರಕರು ಬರೆದದ್ದೇ ಲೆಕ್ಕ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ವಚನ, ತತ್ವಪದ, ಹಿಂದೂಸ್ತಾನಿ ಗಾಯನ ಕೇಳುವ ಮನೆಗಳು ಇವತ್ತಿಗೂ ಸಾಕಷ್ಟಿವೆ. ಅಂಥವರು ಈ ಅಂಕಿ ನಂಬಿ ಮೂವತ್ತು ನಲವತ್ತು ಸಾವಿರ ಸುರಿದು, ಎರಡೇ ತಿಂಗಳಿಗೆ 'ತಲೆನೋವು ಬರ್ತದ' ಎಂದು ಮೂಲೆಗೆ ತಳ್ಳುವುದನ್ನು ತಪ್ಪಿಸಬಹುದು. ಜಾಹೀರಾತಿನಲ್ಲಿ, ನಿಮ್ಮ ಖರೀದಿ ಸಲಹೆಯ ಬರಹಗಳಲ್ಲಿ ಮೂರು ಅಂಕಿ ಕಡ್ಡಾಯವಾಗಿ ಇರಲಿ ಎಂಬುದು ಈ ಪತ್ರದ ಬೇಡಿಕೆ: 8 ಓಮ್‌ಗೆ ಆರ್‌ಎಂಎಸ್ ವ್ಯಾಟ್ (ಸತತವಾಗಿ ಕೊಡಬಲ್ಲ ಅಸಲಿ ಶಕ್ತಿ) ಎಷ್ಟು, ಸ್ಪೀಕರಿನ ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಹೊಮ್ಮುವ ಸದ್ದು) ಎಷ್ಟು ಡೆಸಿಬೆಲ್, ಇಂಪೀಡೆನ್ಸ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ) ಎಷ್ಟು ಓಮ್.

ಈ ಮೂರು ಗೊತ್ತಿದ್ದರೆ ಲೆಕ್ಕ ಯಾರಾದರೂ ಹಾಕಬಹುದು. 88 ಡೆಸಿಬೆಲ್ ಸ್ಪೀಕರ್ ಅಂದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ಎಂಟು ಅಡಿ ದೂರ ಕುಳಿತರೆ ಸುಮಾರು 8 ಡೆಸಿಬೆಲ್ ಕಳೆಯಿರಿ. ಎರಡನೆಯ ಸ್ಪೀಕರ್ ಮತ್ತು ಗೋಡೆಗಳು ಅದರಲ್ಲಿ ಅರ್ಧದಷ್ಟನ್ನು ಹಿಂದಿರುಗಿಸುತ್ತವೆ. ಅಂದರೆ ಒಂದೊಂದೇ ವ್ಯಾಟ್‌ನಲ್ಲಿ, ಪಕ್ಕದ ಕೋಣೆಯವರು 'ಸ್ವಲ್ಪ ಸಣ್ಣಗೆ ಮಾಡ್ರಿ' ಅನ್ನುವಷ್ಟು ಸದ್ದು. ತಬಲಾದ ಪೆಟ್ಟು, ತಾರಸ್ಥಾಯಿಯ ಕೂಗು ಕ್ಷಣಮಾತ್ರ 15-17 ಡೆಸಿಬೆಲ್ ಮೇಲೇಳುತ್ತವೆ. ಅದಕ್ಕೆ 30ರಿಂದ 50 ಅಸಲಿ ವ್ಯಾಟ್ ಕೈಯಲ್ಲಿದ್ದರೆ ಸಾಕು. ಪ್ರತಿ 3 ಡೆಸಿಬೆಲ್‌ಗೂ ವ್ಯಾಟ್ ಇಮ್ಮಡಿ ಬೇಕಾಗುತ್ತದೆ. ಹಾಗಾಗಿ 89ರ ಸ್ಪೀಕರಿಗೆ 30 ವ್ಯಾಟ್ ಮಾಡುವ ಕೆಲಸಕ್ಕೆ 86ರದಕ್ಕೆ 60 ಬೇಕು.

ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ ಪುಟ್ಟ ಕ್ಲಾಸ್-ಡಿ ಜಾತಿಯ ಆಂಪ್ಲಿಫಯರ್‌ಗಳಲ್ಲಿ ಮೋಸ ಹೋಗುವುದು ಅಡಾಪ್ಟರ್ ವಿಷಯದಲ್ಲಿ. ಟಿಪಿಎ 3116 ಚಿಪ್ ಹಾಕಿದ ಪೆಟ್ಟಿಗೆಯ ಮೇಲೆ '50+50 ವ್ಯಾಟ್' ಎಂದಿರುತ್ತದೆ. ಅದು ಸುಮಾರು 21 ವೋಲ್ಟ್ ಪೂರೈಕೆ, 4 ಓಮ್ ಸ್ಪೀಕರಿನ ಮಾತು. ಜೊತೆಗೆ ಬರುವ 12 ವೋಲ್ಟ್ ಅಡಾಪ್ಟರಿನಲ್ಲಿ 8 ಓಮ್ ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 9 ವ್ಯಾಟ್: 12ರ ವರ್ಗ 144, ಅದನ್ನು 8 ಓಮ್‌ನ ಇಮ್ಮಡಿ 16ರಿಂದ ಭಾಗಿಸಿ. ಅದಕ್ಕೂ ಮೀರಿ ತಿರುವಿದಾಗ ಅಲೆಯ ನೆತ್ತಿ ಕತ್ತರಿಸಿ ಹೋಗಿ ಸ್ವರ ಒರಟಾಗುತ್ತದೆ, ಹಾಗೇ ಮುಂದುವರಿಸಿದರೆ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ) ಸುಡುತ್ತದೆ. 24 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಹಾಕಿದರೆ ಅದೇ ಪೆಟ್ಟಿಗೆ 30 ವ್ಯಾಟ್ ಹತ್ತಿರ ಬರುತ್ತದೆ. ಈ ಚಿಪ್ 26 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ. ಅಡಾಪ್ಟರ್ ಬದಲಿಸುವ ಮುಂಚೆ ಆಂಪ್ಲಿಫಯರಿನ ಬೆನ್ನ ಮೇಲಿನ ಮಿತಿ ಓದಿಕೊಳ್ಳಿ.

ಇನ್ನು 'ಬೆಚ್ಚಗಿನ ಸ್ವರ', 'ಬಿಡಿಬಿಡಿಯಾದ ಸ್ವರ' ಎಂಬ ಮಾತು. ಗಂಡುದನಿಯ ಬುಡ, ಡಗ್ಗಾದ (ತಬಲಾದ ಎಡಗೈ ವಾದ್ಯ) ಗುಮುಕು, ಹಾರ್ಮೋನಿಯಂನ ಹೊಟ್ಟೆ ಎಲ್ಲ ಹೆಚ್ಚುಕಡಿಮೆ 100ರಿಂದ 300 ಹರ್ಟ್ಸ್ ಒಳಗಿನವು. ಇಲ್ಲಿ ಸ್ವರ ತುಂಬಿಕೊಂಡು, 2ರಿಂದ 5 ಕಿಲೋಹರ್ಟ್ಸ್ ನಡುವೆ ಚುಚ್ಚದೆ ಇದ್ದರೆ ಕಿವಿಗೆ ಬೆಚ್ಚಗೆ. ಬಿಡಿಬಿಡಿ ಎನಿಸಲು ಟ್ರೆಬಲ್ (ಮೇಲಿನ ತೆಳು ಸ್ವರಗಳು) ಹೆಚ್ಚಬೇಕೆಂದು ಬಹಳ ಜನ ತಿಳಿದಿದ್ದಾರೆ. ಟ್ರೆಬಲ್ ಎತ್ತಿದ ಸ್ಪೀಕರ್ ಅಂಗಡಿಯಲ್ಲಿ ಐದು ನಿಮಿಷ ಮಿಂಚುತ್ತದೆ, ಮನೆಯಲ್ಲಿ ಒಂದು ತಾಸಿಗೆ ಕಿವಿ ದಣಿಸುತ್ತದೆ. ನಿಜವಾದ ವಿವರ ಬರುವುದು ವಿರೂಪ ಕಡಿಮೆ ಇದ್ದಾಗ, ಕೋಣೆ ಮೌನವಾಗಿದ್ದಾಗ.

ಅಂಗಡಿಯಲ್ಲಿ ಕಿವಿಗೊಟ್ಟು ಕೇಳಲು ನಮ್ಮ ಭಾಷೆಯೇ ಒಳ್ಳೆಯ ಒರೆಗಲ್ಲು. ಗೊತ್ತಿರುವ ವಚನ ಗಾಯನ ಹಾಕಿಸಿ 'ಶ' ಮತ್ತು 'ಸ' ಅಕ್ಷರಗಳನ್ನು ಹಿಂಬಾಲಿಸಿ. 'ಶ'ದ ಉಸಿರು 2.5ರಿಂದ 4 ಕಿಲೋಹರ್ಟ್ಸ್ ಸುತ್ತ, 'ಸ'ದ್ದು 5ರಿಂದ 8ರ ಸುತ್ತ. 'ಶಿವ' ಎನ್ನುವುದು 'ಸಿವ' ಆದಂತೆ ಕೇಳಿದರೆ ಆ ಸ್ಪೀಕರ್ ಮೇಲಕ್ಕೆ ವಾಲಿದೆ. ಎರಡೂ ಒಂದೇ ಮಬ್ಬಿನಲ್ಲಿ ಕಲಸಿಹೋದರೆ ಅದು ಬೆಚ್ಚಗಿನದಲ್ಲ, ಮಂಕು. ಆಮೇಲೆ ತಂಬೂರಿ: ನಾಲ್ಕು ತಂತಿ ಮೀಟಿದ ಮೇಲೆ ಜವಾರಿಯ, ಅಂದರೆ ಕುದುರೆಯ ಮೇಲೆ ತಂತಿ ಸವರಿ ಹುಟ್ಟುವ, ಝೇಂಕಾರ ಗಾಯಕರ ದನಿಯ ಹಿಂದೆ ಕಡಿಯದೆ ನಿಲ್ಲಬೇಕು. ಎರಡು ಜೋಡಿ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ, ಫೋನಿನ ಸೌಂಡ್ ಮೀಟರ್ ಸಾಕು. ಒಂದು ಡೆಸಿಬೆಲ್ ಜೋರಿದ್ದದ್ದೇ ಕಿವಿಗೆ 'ಚೆನ್ನಾಗಿ' ಕೇಳುತ್ತದೆ, ಮಾರುವವರಿಗೆ ಇದು ಗೊತ್ತು.

ನಮ್ಮ ಕಡೆಯ ಕೇಳ್ಮೆಗೆ ಇನ್ನೊಂದು ಕಾರಣಕ್ಕೂ ಚುಚ್ಚುವ ಸ್ಪೀಕರ್ ಒಗ್ಗುವುದಿಲ್ಲ. ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರ ಹಳೆಯ ಧ್ವನಿಮುದ್ರಣಗಳಲ್ಲಿ ಹತ್ತು ಹನ್ನೆರಡು ಕಿಲೋಹರ್ಟ್ಸ್ ಮೇಲೆ ಹಾಡಿಗಿಂತ ಟೇಪಿನ 'ಸ್ಸ್' ಸದ್ದೇ ಹೆಚ್ಚು. ಮೆತ್ತಗಿನ ಬಟ್ಟೆ ಗುಮ್ಮಟದ ಟ್ವೀಟರ್, ಐದು ಇಂಚಿನ ವೂಫರ್ (ಕೆಳಗಿನ ಸ್ವರಗಳ ಭಾಗ) ಇರುವ, ಕಪಾಟಿನಲ್ಲಿ ಹಿಡಿಸುವಷ್ಟು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಇದಕ್ಕೆ ಸರಿ. ವಾರ್ಫ್‌ಡೇಲ್ ಡೈಮಂಡ್ 12.1 (88 ಡೆಸಿಬೆಲ್, 8 ಓಮ್), ಕ್ಯೂ ಅಕೌಸ್ಟಿಕ್ಸ್ 3020ಐ (88 ಡೆಸಿಬೆಲ್, 6 ಓಮ್) ಈ ಜಾತಿಯವು. ಹೊಸದಕ್ಕೆ ಹಣ ಸಾಲದಿದ್ದರೆ ಹಿಂದಿನ ಪೀಳಿಗೆಯ ಮಾದರಿ ಕೊಳ್ಳಿ, ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಕ್ಲಿಪ್ಶ್‌ನಂಥ ಹಾರ್ನ್ ಟ್ವೀಟರಿನವು ಲವಲವಿಕೆಯವು ನಿಜ, ಆದರೆ ಬರಿಗೋಡೆಯ ಕೋಣೆಯಲ್ಲಿ ಬೇಗ ಬಿರುಸಾಗುತ್ತವೆ.

ನಲವತ್ತು ಸಾವಿರ ಇದ್ದರೆ ಹಂಚಿಕೆ ಹೀಗಿರಲಿ: ಸ್ಪೀಕರಿಗೆ 22,000, ಆಂಪ್ಲಿಫಯರಿಗೆ 11,000, ಫೋನಿಗೆ ಸಿಕ್ಕಿಸುವ ಡ್ಯಾಕ್ ಡಾಂಗಲಿಗೆ (ಡಿಜಿಟಲ್ ಹಾಡನ್ನು ಆಂಪ್ಲಿಫಯರಿಗೆ ಒಗ್ಗುವ ವಿದ್ಯುತ್ ಅಲೆಯಾಗಿಸುವ ಸಾಧನ) 1,500, ತಂತಿಗೆ 500, ಸ್ಟ್ಯಾಂಡಿಗೆ 2,000, ಉಳಿದ 3,000 ಕೋಣೆಗೆ. ಇಪ್ಪತ್ತರೊಳಗೇ ಮುಗಿಸಬೇಕಾದರೆ ಬಿಡಿ ಆಂಪ್ಲಿಫಯರಿನ ಆಸೆ ಬಿಟ್ಟು, ಒಳಗೇ ಆಂಪ್ಲಿಫಯರ್ ಇರುವ ಎಡಿಫಯರ್ ಆರ್1280ಟಿ ತರಹದ ಜೋಡಿ ನೋಡಿ. ಅದರ ಮೇಲೆ ಬರೆದಿರುವುದು ಒಟ್ಟು 42 ವ್ಯಾಟ್ ಆರ್‌ಎಂಎಸ್, ಪ್ರಾಮಾಣಿಕ ಅಂಕಿ.

ಕೋಣೆಗೆ ಯಾಕೆ ಹಣ ಎಂದು ಕೇಳುವವರಿದ್ದಾರೆ. ಆರ್‌ಸಿಸಿ ಛತ್ತು, ಶಹಾಬಾದಿ ಕಲ್ಲಿನ ನೆಲ, ಸಿಮೆಂಟ್ ಗಿಲಾಯಿ ಮಾಡಿದ ನಾಲ್ಕು ಗೋಡೆ, ಇದು ಇಲ್ಲಿನ ಪಡಸಾಲೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. 'ಟ್ರಿಂಗ್' ಎಂದು ತಂತಿ ಮಿಡಿದಂತೆ ಮರುದನಿ ಬಂದರೆ, ಎಷ್ಟೇ ಬೆಚ್ಚಗಿನ ಸ್ಪೀಕರ್ ತಂದರೂ ಅಲ್ಲಿ ತಗಡಿನ ಡಬ್ಬಿಯೇ. ನೆಲಕ್ಕೆ ದಪ್ಪ ಜಮಖಾನೆ, ಸ್ಪೀಕರುಗಳ ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿಯನ್ನು ಎರಡು ಮಡಿಕೆ ಮಾಡಿ ತೂಗುಹಾಕಿದರೆ ಅರ್ಧ ಕೆಲಸ ಆಯಿತು.

ಉಳಿದರ್ಧಕ್ಕೆ ರಾಯಚೂರಿನವರಿಗೆ ಇರುವ ಅನುಕೂಲ ಬೆಂಗಳೂರಿನವರಿಗಿಲ್ಲ: ಹತ್ತಿ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ, ನಾಲ್ಕು ಇಂಚು ಆಳದ ಮರದ ಚೌಕಟ್ಟು ಮಾಡಿಸಿ. ಗಾದಿ ಅಂಗಡಿಯಲ್ಲಿ ಹಿಂಜಿದ ಹತ್ತಿ ಒಂದು ಚೌಕಟ್ಟಿಗೆ ಎರಡು ಕಿಲೋ ಹಿಡಿಯುತ್ತದೆ. ಸುಮ್ಮನೆ ತುರುಕಿದರೆ ಆರು ತಿಂಗಳಲ್ಲಿ ಹತ್ತಿ ಕೆಳಗೆ ಕುಸಿದು ಮೇಲರ್ಧ ಬರೀ ಬಟ್ಟೆಯಾಗುತ್ತದೆ. ಆದ್ದರಿಂದ ಮೊದಲು ತೆಳು ಬಟ್ಟೆಯಲ್ಲಿ ಪುಟ್ಟ ಗಾದಿಯಂತೆ ಹೊಲಿಸಿ, ಎಂಟೆಂಟು ಇಂಚಿಗೊಂದು ಗಂಟು ಹಾಕಿಸಿ, ಆಮೇಲೆ ಚೌಕಟ್ಟಿನೊಳಗೆ ಕೂರಿಸಿ. ಮೇಲುಹೊದಿಕೆಗೆ ಖಾದಿ ಒಳ್ಳೆಯದು; ಬಟ್ಟೆಗೆ ಬಾಯಿ ಇಟ್ಟು ಊದಿದರೆ ಉಸಿರು ಆಚೆ ದಾಟಬೇಕು. ರೆಕ್ಸಿನ್ ಹೊದಿಸಿದರೆ ಸದ್ದು ಒಳಗೇ ಹೋಗುವುದಿಲ್ಲ. ಗೋಡೆಯಿಂದ ಎರಡು ಮೂರು ಇಂಚು ಸಂದು ಬಿಟ್ಟು ನಿಲ್ಲಿಸಿದರೆ ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ಪ್ಲಗ್ ಪಾಯಿಂಟಿನ ಪಕ್ಕ, ದೇವರ ದೀಪದ ಪಕ್ಕ ಮಾತ್ರ ಬೇಡ, ಹತ್ತಿ ಹತ್ತಿಯೇ.

ಎಲ್ಲಿ ನಿಲ್ಲಿಸಬೇಕೆಂದು ಕನ್ನಡಿ ಹೇಳುತ್ತದೆ. ನೀವು ಕೇಳುವ ಜಾಗದಲ್ಲಿ ಕುಳಿತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಕಂಡ ಜಾಗವೇ ಮೊದಲ ಮರುದನಿ ಹುಟ್ಟುವ ಜಾಗ. ಎಡಕ್ಕೊಂದು ಬಲಕ್ಕೊಂದು ಚೌಕಟ್ಟು ಅಲ್ಲಿ ಇಟ್ಟರೆ ಗಾಯಕರು ಎರಡು ಸ್ಪೀಕರುಗಳ ನಟ್ಟನಡುವೆ ಬಂದು ಕೂರುತ್ತಾರೆ. ಗೋಡೆಗೆ ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಟ್ರೇ ಮೇಲಿನ ಸ್ವರಗಳನ್ನು ತುಸು ಕದಡುತ್ತದಷ್ಟೆ, ಥರ್ಮೋಕೋಲ್ ಅದನ್ನೂ ಮಾಡುವುದಿಲ್ಲ.

ಬೇಸ್ ಗುಂಯ್‌ಗುಡುವುದಕ್ಕೆ ಹತ್ತಿ ಮದ್ದಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯನ್ನೇ ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಅಲೆ ಪುಟಿದು, ಹತ್ತು ಅಡಿಗೆ 56 ಹರ್ಟ್ಸ್ ಹತ್ತಿರ ಒಂದು ಗುಮ್ಮು. ಅಗಲವೂ ಎತ್ತರವೂ ಒಂದೇ ಆದ್ದರಿಂದ ಅದು ಒಂದರ ಮೇಲೊಂದು ಬಿದ್ದು ಎದ್ದು ಕಾಣುತ್ತದೆ. ಸ್ಪೀಕರನ್ನು ಮೂಲೆಗೆ ಇಟ್ಟರೆ ಇನ್ನೂ ಕೆರಳುತ್ತದೆ. ಹಿಂಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿ ಮುಂದೆ ತನ್ನಿ; ನೀವು ಕೂರುವ ಜಾಗವೂ ಗೋಡೆಗೆ ಆತು ಬೇಡ. ಆರಾರು ಇಂಚು ಸರಿಸಿ ಕೇಳುತ್ತ ಹೋದರೆ ಡಗ್ಗಾದ ಮೀಂಡ್ 'ಬೊಂಬೊಂ' ಆಗದೆ ಜಾರಿ ಬರುವ ಜಾಗ ಸಿಗುತ್ತದೆ. ಎರಡು ಸ್ಪೀಕರು, ನೀವು, ಮೂವರೂ ಸಮಬಾಹು ತ್ರಿಭುಜದಲ್ಲಿರಿ.

ಎತ್ತರದಲ್ಲಿ ತಪ್ಪುವುದು ಬಹಳ. ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು ಎಂಬ ನಿಯಮ ಕುರ್ಚಿಯವರಿಗೆ 90-95 ಸೆಂಟಿಮೀಟರ್. ಚಾಪೆ ಮೇಲೆ ಕುಳಿತು ಕೇಳುವ ಮನೆಗೆ 70-75. ಅಂಗಡಿಯ ಸ್ಟ್ಯಾಂಡ್ ಎಲ್ಲ ಕುರ್ಚಿ ಲೆಕ್ಕದವು. ಸಿಮೆಂಟ್ ಬ್ಲಾಕ್ ಮೇಲೆ ಗ್ರಾನೈಟ್ ತುಂಡಿಟ್ಟು, ಅದರ ಮೇಲೆ ನಾಲ್ಕು ರಬ್ಬರ್ ಬಿಲ್ಲೆ ಇಟ್ಟರೆ ಬೇಕಾದ ಎತ್ತರಕ್ಕೆ ಸಿಗುತ್ತದೆ. ಕುಷ್ಟಗಿ ಕಡೆಯವರಿಗೆ ಗ್ರಾನೈಟ್ ತುಂಡಿಗೇನು ಬರ?

ಬೇಸಿಗೆಯ ಮಾತು ಬೇರೆ. ಏರ್ ಕೂಲರಿನ ಸದ್ದಿನಲ್ಲಿ ಯಾವ ವಿವರವೂ ಕೇಳದು. ಕಿಟಕಿಯ ಆಚೆ ಕೂರಿಸಿ ಕಡಿಮೆ ವೇಗದಲ್ಲಿ ಓಡಿಸಿ, ಇಲ್ಲವೇ ಕೇಳುವ ತಾಸು ಆರಿಸಿ. ಅದಾಗದೆ ಹೊಸ ಡ್ಯಾಕ್ ಕೊಳ್ಳುವುದು ದಂಡ. 40 ಡಿಗ್ರಿ ದಾಟುವ ಊರಿನಲ್ಲಿ ಆಂಪ್ಲಿಫಯರಿನ ಮೇಲೆ ನಾಲ್ಕು ಇಂಚು ಗಾಳಿ ಬಿಡಿ, ಚೆಂದಕ್ಕೆಂದು ಕ್ರೋಶಾ ಬಟ್ಟೆ ಹೊದಿಸಬೇಡಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಆಯುಷ್ಯ ಪ್ರತಿ ಹತ್ತು ಡಿಗ್ರಿ ಬಿಸಿಗೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಇರಲಿ, ಬಳ್ಳಾರಿ ಸಂಡೂರಿನ ಗಣಿಗಳ ಕೆಂಪು ಧೂಳಿರಲಿ, ಸ್ಪೀಕರಿನ ಜಾಲರಿ ಹಾಕಿಯೇ ಇರಲಿ. ಕೋನ್ ಮೇಲೆ ಒದ್ದೆ ಬಟ್ಟೆ ಬೇಡ, ಮೆತ್ತಗಿನ ಬ್ರಷ್ ಸಾಕು.

ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ 'ಗೊಂಯ್' ಬರುತ್ತಿದ್ದರೆ ಅದು ಬಹುಮಟ್ಟಿಗೆ ಸ್ಕ್ವೇರ್ ವೇವ್ ಇನ್ವರ್ಟರಿನ ಕಾಣಿಕೆ, ಸೈನ್ ವೇವ್ ಆದರೆ ಬರುವುದಿಲ್ಲ. ಕರೆಂಟ್ ಇದ್ದಾಗಲೂ ಗೊಂಯ್ ಎಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥ್ ಸುತ್ತು, ಅಂದರೆ ಎರಡು ಅರ್ಥ್ ದಾರಿ ಸೇರಿ ಹುಟ್ಟಿಸುವ ಸದ್ದು. ಹಾಗೆಂದು ಆಂಪ್ಲಿಫಯರಿನ ಅರ್ಥ್ ಪಿನ್ ಮುರಿಯಬೇಡಿ, ಜೀವಕ್ಕೆ ಅಪಾಯ. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ನಡೆಸಿ.

ತಂತಿಗೆ ಸಾವಿರಗಟ್ಟಲೆ ಸುರಿಯುವ ಅಗತ್ಯವೇ ಇಲ್ಲ. 1.5 ಚದರ ಮಿಲಿಮೀಟರಿನ ಮಲ್ಟಿಸ್ಟ್ರ್ಯಾಂಡ್ ತಾಮ್ರದ ತಂತಿ ಮೂರು ಮೀಟರಿಗೆ, ಹೋಗಿ ಬರುವ ದಾರಿ ಸೇರಿ, 0.07 ಓಮ್ ಅಷ್ಟೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬಿಳಿ ಕಂಡರೆ ತಾಮ್ರ ಬಳಿದ ಅಲ್ಯುಮಿನಿಯಂ, ವಾಪಸು ಕೊಡಿ. ತುದಿಯ ಸಿಪ್ಪೆ ಒಂದು ಸೆಂಟಿಮೀಟರ್ ಬಿಡಿಸಿ, ಎಳೆಗಳನ್ನು ಹುರಿಮಾಡಿ ಸಿಕ್ಕಿಸಿ. ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ಒಂದು ಬದಿಗೆ ಕೆಂಪು-ಕಪ್ಪು ಅದಲುಬದಲಾದರೆ ಬೇಸ್ ತೆಳುವಾಗಿ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಆಂಪ್ಲಿಫಯರಿಗೆ ಜೋಡಿಸುವ ಮುಂಚೆ ತಂತಿಯ ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ: ಕೆಂಪಿಗೆ ಪ್ಲಸ್ ತಾಗಿದಾಗ ವೂಫರ್ ಮುಂದಕ್ಕೆ ಚಿಮ್ಮಬೇಕು, ಎರಡೂ ಬದಿ ಒಂದೇ ರೀತಿ.

ಹಳೆಯ ಸ್ಪೀಕರ್ ಕೊಳ್ಳುವವರು ಮಲ್ಟಿಮೀಟರ್ ಜೊತೆಗೆ ಒಯ್ಯಿರಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6-7 ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಇಲ್ಲವೇ ಒಳಗಿನ ಸಂಪರ್ಕ ಬಿಟ್ಟಿದೆ. ಕೋನನ್ನು ನಾಲ್ಕು ಬೆರಳಿನಿಂದ ಸಮನಾಗಿ ಒಳಗೆ ಒತ್ತಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ. ಅಂಚಿನ ಫೋಮ್ ಬೆರಳಿಗೆ ಪುಡಿಯಾಗಿ ಅಂಟಿದರೆ ಮರುಹೊದಿಕೆಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಕೇಳಿ. ರಬ್ಬರ್ ಅಂಚಿನದು ಸಿಕ್ಕರೆ ನಮ್ಮ ಬಿಸಿಲಿಗೆ ಅದೇ ಹೆಚ್ಚು ಬಾಳುತ್ತದೆ.

– ಓರ್ವ ಓದುಗ, ರಾಯಚೂರು