ಬಲ್ಮಠದ ಲೈಬ್ರರಿಯಲ್ಲಿ ಸಿಕ್ಕ ಅಕ್ಕನಿಗೆ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ ಅಕ್ಕ. ಆದರೆ ಥ್ಯಾಂಕ್ಸ್ ಹೇಳದೆ ಸುಮ್ನೆ ಇರಲಾಗಲಿಲ್ಲ.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಲೈಬ್ರರಿಗೆ ನಾನು ಬಂದಿದ್ದು ಬಾಸೆಲ್ ಮಿಷನ್ ಪ್ರೆಸ್ಸಿನ ಹಳೆಯ ಶಾಲಾಪುಸ್ತಕ ಹುಡುಕಿಕೊಂಡು. 1841ರಲ್ಲಿ ಶುರುವಾದ ಪ್ರೆಸ್ಸು ಅದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಆ ಕಾಲದ ಕಾಗದ ಮುಟ್ಟಿದರೆ ಅಂಚು ಉದುರುತ್ತದೆ. ನೀವು ಎರಡೂ ರಟ್ಟಿನ ಕೆಳಗೆ ಬಟ್ಟೆ ಮಡಚಿಟ್ಟು, ಪುಸ್ತಕ ಪೂರ್ತಿ ಬಿಡಿಸದೆ, ಒಂದೊಂದೇ ಹಾಳೆ ಮಗುಚಿ ತೋರಿಸಿದಿರಿ. ‘ಫ್ಲ್ಯಾಶ್ ಬೇಡ, ಕಿಟಕಿ ಪಕ್ಕ ಕೂತ್ಕೊಳ್ಳಿ’ ಎಂದಿರಿ. ಊಟದ ಹೊತ್ತು ಮೀರಿದರೂ ಗಡಿಬಿಡಿ ಮಾಡಲಿಲ್ಲ. ಪರಿಚಯವೇ ಇಲ್ಲದವನಿಗೆ ಇದು ಜಾಸ್ತಿಯೇ ಅಲ್ವಾ?

ಇನ್ನೊಂದು ಕಪಾಟು ಜೋಡಿಸಿದ ಮೇಲೆ ಫೋನ್ ಮಾಡ್ತೇನೆ ಎಂದಿದ್ದೀರಿ. ಮಾಡಿ, ಮೊದಲ ಬಸ್ಸಿಗೇ ಬರುತ್ತೇನೆ.