ಮೊದಲಿಗ ಅನ್ನೋ ಬಿರುದು ಬೇಡ, ಮಾಲ್‌ಕೌಂಸ್ ಕೇಳಿ ಸಾಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಮುಂಬೈನ ವಾದ್ಯಗಾರ ಚರಣ್‌ಜಿತ್ ಸಿಂಗ್ ಬಗ್ಗೆ ಬಂದಿದ್ದ ಬರಹ ಓದಿದೆ. ಕೊನೆಗೂ ಈ ಮನುಷ್ಯ ನಮ್ಮ ಕನ್ನಡ ಪೇಪರ್‌ನೋರ ಕಣ್ಣಿಗೆ ಬಿದ್ರಲ್ಲ ಅಂತ ಖುಷಿ ಆಯ್ತು. ಆದ್ರೆ ಆ ಹೆಡ್ಡಿಂಗ್ ಇದ್ಯಲ್ಲ, ಆ್ಯಸಿಡ್ ಹೌಸ್ ಸಂಗೀತ (ಮಿಷೀನ್ ತಾಳಕ್ಕೆ ಕ್ಲಬ್ಬುಗಳಲ್ಲಿ ಕುಣಿಯೋದು) ಕಂಡುಹಿಡಿದಿದ್ದೇ ಭಾರತೀಯ ಅಂತ, ಅದು ಯಾಕೋ ಬೆಳಿಗ್ಗೆ ಬೆಳಿಗ್ಗೆ ಬರೋ ವಾಟ್ಸಾಪ್ ಫಾರ್ವರ್ಡ್ ಥರ ಕಾಣಿಸ್ತು. ವಿಮಾನನೂ ನಮ್ಮದೇ, ಪ್ಲಾಸ್ಟಿಕ್ ಸರ್ಜರಿನೂ ನಮ್ಮದೇ, ಈಗ ಇದೂ ಒಂದು ಸೇರ್ಕೊಂತು.

ನಾನೇನು ವಿಮರ್ಶಕ ಅಲ್ಲ ಸಾರ್. ಇಪ್ಪತ್ತೆಂಟು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದೋನು, ಗಣೇಶನ ಪೆಂಡಾಲು, ರಾಜ್ಯೋತ್ಸವ, ಮಾರಿ ಜಾತ್ರೆ, ಮದುವೆ ರಿಸೆಪ್ಷನ್ನು, ಕರೆದ ಕಡೆಗೆಲ್ಲ ಹೋಗಿದೀನಿ. ಸ್ಟೇಜ್ ಮೇಲೆ ಗಾಯಕರ ಹೆಸರು ಹತ್ತು ಸಲ ಕೂಗ್ತಾರೆ, ಕೀಬೋರ್ಡ್‌ನೋನ ಹೆಸರು ಹೇಳೋದು ಜನ ಎದ್ದು ಚಪ್ಪಲಿ ಹುಡುಕ್ತಾ ಇರೋವಾಗ. ಅದಕ್ಕೇ ಇರಬೇಕು ಚರಣ್‌ಜಿತ್ ಕಥೆ ನನಗೆ ಸ್ವಲ್ಪ ಜಾಸ್ತಿನೇ ತಟ್ಟುತ್ತೆ. ಅವರೂ ಹಿಂದಿನ ಸಾಲಲ್ಲಿ ಕೂತು ನುಡಿಸಿದೋರೇ. ಮುಂಬೈ ಸ್ಟುಡಿಯೋಗಳಲ್ಲಿ ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಇಂಥೋರ ರೆಕಾರ್ಡಿಂಗಿಗೆ ಗಿಟಾರು, ಬೇಸು, ಕೀಬೋರ್ಡು ಅಂತ ಕೈಗೆ ಸಿಕ್ಕಿದ್ದೆಲ್ಲ ನುಡಿಸ್ತಿದ್ರು, ಮದುವೆಗಳಲ್ಲೂ ನುಡಿಸ್ತಿದ್ರು.

1982ರಲ್ಲಿ, ಹಿಂದಿ ಸಿನಿಮಾದಲ್ಲೆಲ್ಲ ಡಿಸ್ಕೋ ಹುಚ್ಚು ಹತ್ತಿದ್ದ ಟೈಮಲ್ಲಿ, ಇವರು ಸಿಂಗಾಪುರದಿಂದ ತಂದಿದ್ದ ಜಪಾನಿನ ರೋಲಂಡ್ ಕಂಪನಿಯ ಮೂರು ಮಿಷೀನು ಇಟ್ಕೊಂಡು, ತಬಲಾ ತಂಬೂರಿ ಏನೂ ಇಲ್ಲದೇ, ಎರಡೇ ದಿನದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಒಂದು ಎಲ್‌ಪಿ ರೆಕಾರ್ಡ್ ಮಾಡಿಕೊಟ್ರು, ಅದೇ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಭೈರವ್, ಲಲಿತ್, ಭೂಪಾಲಿ, ತೋಡಿಯಿಂದ ಹಿಡಿದು ಬೈರಾಗಿ ತನಕ ಹತ್ತು ರಾಗ, ಒಂದೊಂದೂ ಐದು ನಿಮಿಷದ ಆಸುಪಾಸು. ಡಿಸ್ಕೋ ಬೇಕಾದೋರಿಗೆ ಹಾಡಿರಲಿಲ್ಲ, ರಾಗ ಬೇಕಾದೋರಿಗೆ ಮಿಷೀನ್ ಸದ್ದು ಹಿಡಿಸಲಿಲ್ಲ, ರೆಕಾರ್ಡು ಮಲಗೇಬಿಡ್ತು.

ನಾನು ಇದನ್ನ ಮೊದಲು ಕೇಳಿದ್ದು ಅಕ್ಕನ ಮಗನ ಕಾರಲ್ಲಿ, ಸಾಗರಕ್ಕೆ ಹೋಗ್ತಾ. ಜೋರು ಮಳೆ, ವೈಪರ್ ಬೇರೆ ಕೆಟ್ಟು ಕಿರ್ ಕಿರ್ ಅಂತಿತ್ತು. ಅವನು ಸಾಫ್ಟ್‌ವೇರ್ ಹುಡುಗ, ಹಾಡು ಹಾಕಿ “ಮಾಮ, ಇದು ಯಾವ ವರ್ಷದ್ದು ಹೇಳು ನೋಡಣ” ಅಂದ. ನಾನು “ಯಾರೋ ಹುಡುಗ್ರು ಮೊನ್ನೆ ಮೊನ್ನೆ ಲ್ಯಾಪ್‌ಟಾಪಲ್ಲಿ ಮಾಡಿರಬೇಕು ಬಿಡೋ” ಅಂದೆ. ಅಷ್ಟರಲ್ಲಿ ನನ್ನ ಬೆರಳು ತೊಡೆ ಮೇಲೆ ತಾನಾಗೇ ಓಡಾಡ್ತಿತ್ತು, ಸ ಗ ಮ ದ ನಿ, ರಿಷಭ ಇಲ್ಲ ಪಂಚಮ ಇಲ್ಲ, ಅಯ್ಯೋ ಇದು ನಮ್ಮ ಹಿಂದೋಳ ರಾಗ ಅಲ್ವೇನೋ ಅಂತ ಕೂಗೇಬಿಟ್ಟೆ! ಹಿಂದೂಸ್ತಾನಿಯೋರು ಮಾಲ್‌ಕೌಂಸ್ ಅನ್ನೋದು ಇದನ್ನೇ. ಅವನಿಗೆ ಹಿಂದೋಳ ಗೊತ್ತಿಲ್ಲ, ನನಗೆ ಆ್ಯಸಿಡ್ ಹೌಸ್ ಗೊತ್ತಿಲ್ಲ. ಇಬ್ಬರಿಗೂ ತಲೆ ಮಾತ್ರ ಅಲ್ಲಾಡ್ತಿತ್ತು. 1982 ಅಂದಾಗ ನಂಬಲಿಲ್ಲ. ಆಮೇಲೆ ಗೊತ್ತಾಯ್ತು, 2010ರಲ್ಲಿ ಎಡೋ ಬೌಮನ್ ಅನ್ನೋ ಡಚ್ ರೆಕಾರ್ಡ್ ಸಂಗ್ರಾಹಕರು ಇದನ್ನ ಮತ್ತೆ ಹೊರಗೆ ತಂದಾಗ ಯುರೋಪಲ್ಲೂ ಎಷ್ಟೋ ಜನ ಇದು ಯಾರೋ ಈಗಿನೋರು ಮಾಡಿರೋ ಕುಚೇಷ್ಟೆ ಅಂತಲೇ ಅನುಮಾನ ಪಟ್ಟಿದ್ರಂತೆ.

ಅನುಮಾನ ಯಾಕೆ ಅಂದ್ರೆ ಆ ಬೇಸ್ ಸದ್ದು. ಆ ಮೂರು ಮಿಷೀನಲ್ಲಿ ಟಿಬಿ-303 ಅಂತ ಒಂದು ಬೆಳ್ಳಿ ಬಣ್ಣದ ಚಿಕ್ಕ ಡಬ್ಬ, ಒಬ್ಬನೇ ಕೂತು ಪ್ರಾಕ್ಟೀಸ್ ಮಾಡೋ ಗಿಟಾರ್‌ನೋನಿಗೆ ಬೇಸ್ ಗಿಟಾರ್ ಜೊತೆ ಕೊಡಲಿ ಅಂತ ಮಾಡಿದ್ದು. ನಿಜವಾದ ಬೇಸ್ ಗಿಟಾರ್ ಥರ ಅದು ಯಾವತ್ತೂ ಕೇಳಿಸಲಿಲ್ಲ, ಒಂದು ಸುತ್ತಿಗೆ ಇರೋ ಹದಿನಾರು ಮನೆಗೆ ಒಂದೊಂದಾಗಿ ಸ್ವರ ತುಂಬೋದೂ ಮಹಾ ಕಿರಿಕಿರಿ, 1984ರ ಹೊತ್ತಿಗೆ ಕಂಪನಿನೇ ನಿಲ್ಲಿಸಿಬಿಡ್ತು. ಸೆಕೆಂಡ್ ಹ್ಯಾಂಡ್ ಅಂಗಡೀಲಿ ಬಿದ್ದಿದ್ದ ಇಂಥ ಡಬ್ಬಗಳು ಶಿಕಾಗೋದ ಕಪ್ಪು ಹುಡುಗರ ಕೈಗೆ ಸಿಕ್ಕಿದ್ವು, ಅವರು ಅದರ ಗುಂಡಿಗಳನ್ನ ಹಿಂಡಿ ಹಿಂಡಿ ಕೀರಲು ಸದ್ದು ಬರಿಸಿದ್ರು, ಫ್ಯೂಚರ್ ಅನ್ನೋ ಗುಂಪಿನ ‘ಆ್ಯಸಿಡ್ ಟ್ರ್ಯಾಕ್ಸ್’ 1987ರಲ್ಲಿ ಬಂತು, ಆ ಸಂಗೀತಕ್ಕೆ ಆ್ಯಸಿಡ್ ಹೌಸ್ ಅಂತ ಹೆಸರು ನಿಂತಿದ್ದು ಅಲ್ಲಿಂದ. ಲೆಕ್ಕ ಹಾಕಿದ್ರೆ ನಮ್ಮೋರು ಐದು ವರ್ಷ ಮುಂಚೆ, ನಿಜ. ಆದ್ರೆ ಮುಂಬೈಲೇ ಯಾರೂ ಕೊಳ್ಳದ ರೆಕಾರ್ಡನ್ನ ಆ ಹುಡುಗರು ಕೇಳಿರೋ ಮಾತೇ ಇಲ್ಲ. ಅವರು ಕಾಪಿ ಹೊಡೀಲಿಲ್ಲ, ಇವರು ಕಂಡುಹಿಡೀಲಿಲ್ಲ. ಹೌಸ್ ಅನ್ನೋದು ಶಿಕಾಗೋದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಕುಣಿದೋರ ಬೆವರಿಂದ ಹುಟ್ಟಿದ್ದು, ಅದನ್ನ ಅವರಿಂದ ಕಿತ್ಕೊಂಡು ಇವರ ಕೊರಳಿಗೆ ಹಾಕಿದ್ರೆ ಇಬ್ಬರಿಗೂ ಅವಮಾನ. ಚರಣ್‌ಜಿತ್ ತಾವು ಏನು ಮಾಡಿದೀನಿ ಅಂತ ರೆಕಾರ್ಡಿನ ಮೇಲೇ ಬರೆದಿದ್ರಲ್ಲ, ಡಿಸ್ಕೋ ಬೀಟಿಗೆ ಹತ್ತು ರಾಗ, ಅಷ್ಟೇ.

ಹಂಗಾದ್ರೆ ನಲವತ್ತು ವರ್ಷ ಆದ್ರೂ ಜನ ಯಾಕೆ ಕೇಳ್ತಾರೆ? ‘ಮೊದಲಿಗ’ ಅನ್ನೋ ಹೆಸರಿಗೆ ಯಾರಾದ್ರೂ ಒಂದು ಸಲ ಕೇಳಬಹುದು. ನಾನು ನೂರು ಸಲ ಕೇಳಿದೀನಿ. ನನಗೆ ಹೊಳೆದಿದ್ದು ಹೇಳ್ತೀನಿ. ಆ 303ರಲ್ಲಿ ಸ್ಲೈಡ್ ಅಂತ ಒಂದು ವ್ಯವಸ್ಥೆ ಇದೆ, ಹದಿನಾರು ಸ್ವರದಲ್ಲಿ ಬೇಕಾದ ಸ್ವರಕ್ಕೆ ಅದನ್ನ ಹಾಕಿದ್ರೆ ಒಂದು ಸ್ವರ ಮುಂದಿನದಕ್ಕೆ ಕಡಿಯದೇ ಜಾರುತ್ತೆ. ಜಾರು! ವೀಣೆಯೋರು ತಂತಿ ಮೇಲೆ ಬೆರಳು ಸರಿಸಿ ಮಾಡೋದು, ಹಿಂದೂಸ್ತಾನಿಯೋರು ಮೀಂಡ್ ಅನ್ನೋದು. ಸಾಮಾನ್ಯ ಕೀಬೋರ್ಡಲ್ಲಿ ರಾಗ ನುಡಿಸೋ ಕಷ್ಟ ನುಡಿಸಿದೋರಿಗೇ ಗೊತ್ತು, ಬಿಳಿ ಕಟ್ಟೆ ಕಪ್ಪು ಕಟ್ಟೆ ಮಧ್ಯೆ ಏನೂ ಇಲ್ಲ, ಎಡಗೈಲಿ ಬೆಂಡ್ ಚಕ್ರ ತಿರುಗಿಸ್ತಾ ಬಲಗೈಲಿ ಸ್ವರ ಒತ್ತಬೇಕು, ಒಂಚೂರು ಜಾಸ್ತಿ ತಿರುಗಿದ್ರೆ ಅಪಸ್ವರ, ಮುಂದೆ ಕೂತಿರೋ ಸಂಗೀತದ ಮೇಷ್ಟ್ರು ಮುಖ ಸಿಂಡರಿಸ್ತಾರೆ. ಗಿಟಾರ್‌ನೋನ ಅನುಕೂಲಕ್ಕೆ ಜಪಾನಿನೋರು ಇಟ್ಟ ಒಂದು ಸೌಕರ್ಯ ನಮ್ಮ ರಾಗಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಕೆಳಗೆ ಆ ಡಬ್ಬ ಸ್ವರಗಳನ್ನ ಜಾರಿಸ್ತಾ ಸುತ್ತು ಹಾಕ್ತಾ ಇರುತ್ತೆ, ಟಿಆರ್-808 ಅನ್ನೋ ರಿದಮ್ ಮಿಷೀನು ತಾಳ ಕುಟ್ತಾ ಇರುತ್ತೆ, ಮೇಲೆ ಜುಪಿಟರ್-8 ಕೀಬೋರ್ಡಲ್ಲಿ ಚರಣ್‌ಜಿತ್ ಕೈಯಾರೆ ರಾಗ ಬಿಡಿಸ್ತಾ ಹೋಗ್ತಾರೆ. ತಂಬೂರಿ ಜಾಗದಲ್ಲಿ ಬೇಸು ಕೂತಿದೆ ನೋಡಿ, ತಂಬೂರಿನೂ ಮಾಡೋದು ಅದನ್ನೇ, ಬೇಜಾರಿಲ್ಲದೇ ಅದೇ ಅದೇ ಹೇಳೋದು.

ನಾನೂ ಟ್ರೈ ಮಾಡಿದೆ. ಫೋನಲ್ಲಿ ಸಿಗೋ ಒಂದು 303 ನಕಲಿ ಆ್ಯಪಲ್ಲಿ ಮೋಹನ ರಾಗದ ಐದು ಸ್ವರ ಹದಿನಾರು ಮನೆಗೆ ತುಂಬಿದೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಬಂದಿದ್ದು ರಾಗ ಅಲ್ಲ, ಐಸ್‌ಕ್ರೀಮ್ ಗಾಡಿ ಸದ್ದು. ಸ್ವರ ಸರಿ ಇದ್ರೆ ಸಾಲದು, ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನ ಮುಟ್ಟಿ ಬಿಡಬೇಕು ಅನ್ನೋದು ಬೇಕು. ಚರಣ್‌ಜಿತ್ ಅವರ ಭೂಪಾಲಿ ಅಂದ್ರೂ ಹೆಚ್ಚುಕಮ್ಮಿ ಅವೇ ಐದು ಸ್ವರ, ಅದರಲ್ಲಿ ಗಾಂಧಾರಕ್ಕೆ ಬಂದು ನಿಂತಾಗ ಬರೋ ಸಮಾಧಾನ ನನ್ನ ಹದಿನಾರು ಮನೇಲಿ ಒಂದರಲ್ಲೂ ಇರಲಿಲ್ಲ.

ಎಲ್ಲಾ ಹತ್ತೂ ಒಂದೇ ತೂಕ ಅಂತ ನಾನು ಹೇಳಲ್ಲ. ತೋಡಿ ನನಗೆ ಅಷ್ಟಕ್ಕಷ್ಟೇ. ಅದರ ಕೋಮಲ ಗಾಂಧಾರ ಗಾಯಕರ ಗಂಟಲಲ್ಲಿ ಇನ್ನೂ ಒಂಚೂರು ಇಳಿದು ನಡುಗಬೇಕು, ಕೀಬೋರ್ಡಿನ ಅಳತೆ ಸ್ವರಕ್ಕೆ ಆ ನೋವು ಬರಲ್ಲ, ಮಲ್ಲಿಕಾರ್ಜುನ ಮನ್ಸೂರರನ್ನೋ ಭೀಮಸೇನ ಜೋಶಿಯವರನ್ನೋ ಕೇಳಿ ಬೆಳೆದ ಧಾರವಾಡದ ಕಡೆಯೋರು ಇದನ್ನ ಕೇಳಿದ್ರೆ ಎದ್ದು ಹೋಗಬಹುದು. ಆದ್ರೆ ಲಲಿತ್ ಕೇಳಿ. ಎರಡು ಮಧ್ಯಮ ಅಕ್ಕಪಕ್ಕ, ಪಂಚಮ ಇಲ್ಲ, ಮೊದಲೇ ಆ ರಾಗಕ್ಕೆ ಒಂಥರಾ ಬೆಳಗಿನ ಜಾವದ ಮಂಪರು, ಮಿಷೀನು ಆ ಎರಡು ಮಧ್ಯಮದ ನಡುವೆ ಹೋಗಿ ಬಂದು ಮಾಡೋವಾಗ ಮೈ ಜುಮ್ ಅನ್ನುತ್ತೆ. ರಾತ್ರಿ ಪ್ರೋಗ್ರಾಮ್ ಮುಗಿಸಿ, ಸಾಮಾನೆಲ್ಲ ಟೆಂಪೋಗೆ ತುಂಬಿ, ಕಿವಿ ಇನ್ನೂ ಗುಂಯ್ ಅಂತಿರೋವಾಗ ನಾಲ್ಕು ಗಂಟೆಗೆ ಊರಿಗೆ ಬರ್ತಾ ಕೇಳಿದೀನಿ. ಅದರ ಟೈಮೇ ಅದು.

ಇನ್ನೊಂದು ಮಾತು. ರಿದಮ್ ಮಿಷೀನ್ ಬಂದಾಗ ನಮ್ಮ ತಂಡದಲ್ಲಿ ಡ್ರಮ್ಸ್‌ನೋನು ಹೋದ, ಆಮೇಲೆ ಬೇಸ್‌ನೋನು, ಈಗ ಕರೋಕೆ ಟ್ರ್ಯಾಕ್ ಬಂದು ನಾನೂ ಹೋದೆ. ಮಿಷೀನ್ ಮೇಲೆ ನನಗೇನು ಪ್ರೀತಿ ಇಲ್ಲ. ಆದ್ರೆ ಈ ರೆಕಾರ್ಡಲ್ಲಿ ಮಿಷೀನು ಯಾರ ಬದಲಿಗೂ ಕೂತಿದೆ ಅನ್ಸಲ್ಲ, ನುಡಿಸೋನ ಕೈ ಕೆಳಗೇ ಇದೆ ಅನ್ಸುತ್ತೆ, ಅದೂ ಎರಡೇ ದಿನದಲ್ಲಿ ಮುಗಿಸಿದ ಕೆಲಸ. ಎಪ್ಪತ್ತು ದಾಟಿದ ಮೇಲೆ ಅವರಿಗೆ ಯುರೋಪಿನ ಸ್ಟೇಜ್‌ಗಳು ಸಿಕ್ಕಿದ್ವು, ಮೊಮ್ಮಕ್ಕಳ ವಯಸ್ಸಿನೋರು ಅದೇ ರಾಗಗಳಿಗೆ ಕುಣಿದ್ರು. 2015ರ ಜುಲೈನಲ್ಲಿ ಮುಂಬೈಲಿ ತೀರಿಕೊಂಡ್ರು.

ಕೊನೇದಾಗಿ ಒಂದು ತಿದ್ದುಪಡಿ, ದಯವಿಟ್ಟು ಹಾಕಿ. ನಿಮ್ಮ ಬರಹದ ಬಾಕ್ಸಲ್ಲಿ ಮಾಲ್‌ಕೌಂಸ್ ಅಂದ್ರೆ ಕರ್ನಾಟಕ ಸಂಗೀತದ ಕಲ್ಯಾಣಿ ಅಂತ ಅಚ್ಚಾಗಿದೆ. ಕಲ್ಯಾಣಿಗೆ ಹತ್ತಿರ ಇರೋದು ಯಮನ್, ಅದೂ ಇದೇ ರೆಕಾರ್ಡಲ್ಲಿದೆ. ಮಾಲ್‌ಕೌಂಸ್ ನಮ್ಮ ಹಿಂದೋಳ, ಬೈರಾಗಿ ನಮ್ಮ ರೇವತಿ, ಕಲಾವತಿ ನಮ್ಮ ವಲಜಿ. ನಮ್ಮೂರ ಸಂಗೀತದ ಮೇಷ್ಟ್ರು ಆ ಬಾಕ್ಸ್ ಕತ್ತರಿಸಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕ್ಲಾಸಿನ ಗೋಡೆಗೆ ಅಂಟಿಸಿದಾರೆ, ತಿದ್ದುಪಡಿ ಬಂದ್ರೆ ಅದನ್ನೂ ಪಕ್ಕದಲ್ಲಿ ಅಂಟಿಸ್ತಾರಂತೆ.

ಇಂತಿ,
ಹಳೇ ಕೀಬೋರ್ಡ್‌ನೋನು, ಶಿವಮೊಗ್ಗ